ತೋಟಕ್ಕೆ ಬಂದ ತೊಂಬತ್ತು ಕೋಟಿ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟಕ್ಕೆ ಮೊನ್ನೆ ರಾತ್ರಿ 90 ಕೋಟಿ ರೂಪಾಯಿ ಬಂದಿತ್ತು. ಬಂದದ್ದು ಸುಮ್ನೆ ಹೋಗಲಿಲ್ಲ. ಹಲಸಿನ ಮರಗಳನ್ನು ಖಾಲಿ ಮಾಡಿತು, ಸ್ಪ್ರಿಂಕ್ಲರ್ ಪೈಪು ತುಳಿಯಿತು, ಕಾಯಿ ಹಿಡಿದಿದ್ದ ರೊಬಸ್ಟಾ ಗಿಡಗಳನ್ನು ಮಲಗಿಸಿತು. ಬೆಳಗಿನ ಜಾವ ಗೇಟು ಮುರಿದುಕೊಂಡು ಪಕ್ಕದ ತೋಟಕ್ಕೆ ಹೋಯಿತು. ತಾನು ಎಂಥ ಸಂಪತ್ತಿನ ಮೇಲೆ ಟಾರ್ಚ್ ಬಿಡುತ್ತಿದ್ದೇನೆ ಅಂತ ಮಾಲೀಕರಿಗೆ ಗೊತ್ತಿರಲಿಲ್ಲ. ಪಾಪ, ಪಟಾಕಿ ಹೊಡೆದರು.

ಲೆಕ್ಕ ನನ್ನದಲ್ಲ, ಅರ್ಥಶಾಸ್ತ್ರಜ್ಞರದ್ದು. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಇದ್ದ ರಾಲ್ಫ್ ಚಾಮಿ ಮತ್ತು ಜೊತೆಗಾರರು 2019ರಲ್ಲಿ ಒಂದು ದೊಡ್ಡ ತಿಮಿಂಗಿಲಕ್ಕೆ 20 ಲಕ್ಷ ಡಾಲರ್ ಬೆಲೆ ಕಟ್ಟಿದರು. ಆಮೇಲೆ ಆಫ್ರಿಕಾದ ಕಾಡಾನೆಯ ಸರದಿ ಬಂತು. ಅದಕ್ಕೆ 17.5 ಲಕ್ಷ ಡಾಲರ್. ಕಾರಣ ಇಷ್ಟೇ: ಆನೆ ಸಣ್ಣ ಗಿಡಗಳನ್ನು ತಿಂದು ತುಳಿದು ಹಾಕುತ್ತದೆ. ಉಳಿದ ಮರಗಳಿಗೆ ಜಾಗ, ಬೆಳಕು ಸಿಗುತ್ತದೆ, ಅವು ದಪ್ಪಗೆ ಬೆಳೆಯುತ್ತವೆ, ಜಾಸ್ತಿ ಇಂಗಾಲ ಹಿಡಿದಿಡುತ್ತವೆ. ಆ ಇಂಗಾಲವನ್ನು ಮಾರುಕಟ್ಟೆ ಬೆಲೆಯಿಂದ ಗುಣಿಸಿದರೆ ಆನೆಯ ಬೆಲೆ ಬಂತು. ನಮ್ಮ ರೂಪಾಯಿಯಲ್ಲಿ ತಲೆಗೆ ಸುಮಾರು 15 ಕೋಟಿ. ತೋಟಕ್ಕೆ ಬಂದದ್ದು ಆರು ಆನೆ.

ಆಫ್ರಿಕಾದ ಆನೆಯ ರೇಟನ್ನು ಕೊಡಗಿನ ಆನೆಗೆ ಹಚ್ಚುವುದು ಸರಿಯಾ ಅಂತ ಕೇಳಬೇಡಿ. ಒಂದು ಕಡೆ ಸಿಕ್ಕ ಅಂಕಿಯನ್ನು ಎತ್ತಿ ಇನ್ನೊಂದು ಕಡೆ ಕೂರಿಸುವುದಕ್ಕೂ ಶಾಸ್ತ್ರದಲ್ಲಿ ಗೌರವದ ಹೆಸರಿದೆ. ಬೆನಿಫಿಟ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಆನೆ ತುಳಿದ ಸಣ್ಣ ಗಿಡ ಕಾಫಿ ಗಿಡವೇ ಆಗಿದ್ದರೆ ಏನು ಮಾಡಬೇಕು ಅನ್ನುವುದು ಮಾತ್ರ ಟ್ರಾನ್ಸ್‌ಫರ್ ಆಗಿ ಬಂದಿಲ್ಲ.

ಇಂಗಾಲದ ಲೆಕ್ಕ ಕಷ್ಟ ಅನಿಸಿದರೆ ಇನ್ನೊಂದು ದಾರಿ ಇದೆ. ಜನರನ್ನೇ ಕೇಳುವುದು. 'ಇದನ್ನು ಉಳಿಸಲು ನೀವು ವರ್ಷಕ್ಕೆ ಎಷ್ಟು ಕೊಡುತ್ತೀರಿ?' ಇದು ಕಂಟಿಂಜೆಂಟ್ ವ್ಯಾಲ್ಯುಯೇಷನ್. ಇದಕ್ಕೆ ಹೆಸರು ತಂದದ್ದು ಒಂದು ಅಪಘಾತ. 1989ರ ಮಾರ್ಚಿನಲ್ಲಿ ಎಕ್ಸಾನ್ ತೈಲ ಕಂಪನಿಯ ಎಕ್ಸಾನ್ ವಾಲ್ಡೆಜ್ ಹಡಗು ಅಲಾಸ್ಕಾದ ಕರಾವಳಿಯಲ್ಲಿ ಬಂಡೆಗೆ ಬಡಿದು, ಒಂದು ಕೋಟಿಗೂ ಹೆಚ್ಚು ಗ್ಯಾಲನ್ ಕಚ್ಚಾ ತೈಲ ಸಮುದ್ರಕ್ಕೆ ಚೆಲ್ಲಿತು. ಇಂಥದ್ದು ಮತ್ತೆ ಆಗದಂತೆ ತಡೆಯಲು ಎಷ್ಟು ಕೊಡುತ್ತೀರಿ ಅಂತ ಅಮೆರಿಕದ ಮನೆಗಳಲ್ಲಿ ಕೇಳಿದರು. ಅಲಾಸ್ಕಾವನ್ನು ಕಣ್ಣಲ್ಲೂ ನೋಡದವರು ಹೇಳಿದ ಸಣ್ಣ ಸಣ್ಣ ಮೊತ್ತಗಳನ್ನು ಕೂಡಿದರೆ 280 ಕೋಟಿ ಡಾಲರ್ ಆಯಿತು. ಕಂಪನಿ 1991ರಲ್ಲಿ ರಾಜಿ ಮಾಡಿಕೊಂಡು ಒಪ್ಪಿದ್ದು 90 ಕೋಟಿ ಡಾಲರ್.

ಇದೇ ಹೊತ್ತಿಗೆ ಎಕ್ಸಾನ್ ದುಡ್ಡಿನಲ್ಲಿ ನಡೆದ ಇನ್ನೊಂದು ಅಧ್ಯಯನ ನನಗೆ ಬಹಳ ಇಷ್ಟ. ಎಣ್ಣೆಯ ಹೊಂಡಕ್ಕೆ ಬಿದ್ದು ಸಾಯುವ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಅಂತ ಮೂರು ಗುಂಪುಗಳನ್ನು ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿ ಅಂದರು, ಇನ್ನೊಂದಕ್ಕೆ 20,000, ಮತ್ತೊಂದಕ್ಕೆ 2,00,000. ಸರಾಸರಿ ಉತ್ತರ 80 ಡಾಲರ್, 78 ಡಾಲರ್, 88 ಡಾಲರ್! ಹಕ್ಕಿ ನೂರು ಪಟ್ಟು ಹೆಚ್ಚಾದರೂ ಕರುಣೆ ಎಂಟೇ ಡಾಲರ್ ಏರಿತು. 1993ರಲ್ಲಿ ಕೆನೆತ್ ಆರೋ, ರಾಬರ್ಟ್ ಸೋಲೋ ಅನ್ನುವ ಇಬ್ಬರು ನೊಬೆಲ್ ಪಡೆದವರು ಒಂದು ಸಮಿತಿಯಲ್ಲಿ ಕೂತು, ಈ ವಿಧಾನ ಬಳಸಬಹುದು, ಆದರೆ ಬಹಳ ಹುಷಾರಾಗಿ ಅಂದರು. ಅವರ ಸಲಹೆಗಳಲ್ಲಿ ಒಂದು: 'ಎಷ್ಟು ಕೊಡುತ್ತೀರಿ' ಅಂತಲೇ ಕೇಳಿ, 'ಎಷ್ಟು ಬೇಕು' ಅಂತ ಕೇಳಬೇಡಿ. ಬೇಕು ಅಂತ ಕೇಳಿದರೆ ಜನ ಬಾಯಿಗೆ ಬಂದದ್ದು ಹೇಳುತ್ತಾರಂತೆ.

ಈಗ ಈ ಪ್ರಶ್ನೆಯನ್ನು ಟ್ಯಾಬ್‌ನಲ್ಲಿ ಹಾಕಿಕೊಂಡು ಇಬ್ಬರು ಹುಡುಗರು ಕೊಡಗಿಗೆ ಬಂದರು ಅಂತ ಇಟ್ಟುಕೊಳ್ಳಿ.

ಮೊದಲು ಅಮ್ಮತ್ತಿ ಕಡೆಯ ಬೆಳೆಗಾರರು. ಆನೆ ವಿಚಾರಕ್ಕೆ ಎಷ್ಟು ಕೊಡುತ್ತೀರಿ ಸಾರ್? 'ಎಷ್ಟು ಬೇಕಾದರೂ ಕೊಡ್ತೀನಿ. ನಿಮ್ಮ ಊರಿಗೆ ಕರ್ಕೊಂಡು ಹೋಗಿ, ಲಾರಿ ಬಾಡಿಗೆಯೂ ನಂದೇ.' ಹುಡುಗ ಖುಷಿಯಿಂದ 'ಕೊಡುವ ಮನಸ್ಸು ಬಹಳ ಹೆಚ್ಚು' ಅನ್ನುವ ಗುಂಡಿ ಒತ್ತುತ್ತಾನೆ. ಮುಂದೆ ಹೋಂಸ್ಟೇ ಮಾಲೀಕರು. ಅವರೂ ಧಾರಾಳಿ, ಆದರೆ ಆನೆ ಬಾಲ್ಕನಿಯಿಂದ ಕಾಣುವಷ್ಟು ದೂರದಲ್ಲೇ ಇರಬೇಕು, ಚೆಕ್‌ಔಟ್ ಮುಗಿದ ಮೇಲೆ ಬರಬಾರದು. ಕೊನೆಗೆ ಬೆಂಗಳೂರಿನ ಅಪಾರ್ಟ್‌ಮೆಂಟ್. ಅಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಫೋನ್‌ಪೇ ತೆಗೆಯುತ್ತಾರೆ. ಆನೆಯನ್ನು ನೋಡದಿದ್ದರೂ ಎಲ್ಲೋ ಇದೆ ಅನ್ನುವ ಸಮಾಧಾನಕ್ಕೇ ಬೆಲೆ ಇದೆ, ಅದು ಎಕ್ಸಿಸ್ಟೆನ್ಸ್ ವ್ಯಾಲ್ಯೂ. ಮಾರತ್ತಹಳ್ಳಿಗೆ ಆನೆ ಬರುವ ತನಕ ಈ ವ್ಯಾಲ್ಯೂ ಇಳಿಯುವುದಿಲ್ಲ.

ವರದಿಯ ತೀರ್ಮಾನ ನಾನೇ ಬರೆದುಕೊಡುತ್ತೇನೆ. ಆನೆಯ ಮೇಲಿನ ಪ್ರೀತಿ ಆನೆಯಿಂದ ದೂರ ಹೋದಷ್ಟೂ ಹೆಚ್ಚುತ್ತದೆ. ಆದ್ದರಿಂದ ಹತ್ತಿರದವರಿಗೆ ಜಾಗೃತಿ ಕಾರ್ಯಕ್ರಮ ಬೇಕು. ಬೀದಿನಾಟಕ ಆದರೆ ಒಳ್ಳೆಯದು, ಆದರೆ ಸಂಜೆ ಐದರೊಳಗೆ ಮುಗಿಸಬೇಕು. ಆಮೇಲೆ ಬೀದಿ ಆನೆಯದ್ದು.

'ಎಷ್ಟು ಬೇಕು' ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ ಅಂತಲ್ಲ. ಬೆಳೆ ಪರಿಹಾರದ ಅರ್ಜಿ ಇದೆಯಲ್ಲ. ಫೋಟೋ, ಪಂಚನಾಮೆ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಕೊಡಬಹುದು. ಪಹಣಿ ಅಂದಾಗ ಗಾಡಿ ನಿಲ್ಲುತ್ತದೆ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಆಸ್ತಿಯ ಪಹಣಿಯಲ್ಲಿ ಇರುವುದು ಪಟ್ಟೇದಾರರ, ಅಂದರೆ ಮನೆತನದ ಯಜಮಾನರ ಹೆಸರು. ಅವರು ತೀರಿಕೊಂಡು ಬಹಳ ಕಾಲವಾಗಿರುತ್ತದೆ, ಹಿರಿಯರ ಗುಡಿಯಾದ ಕೈಮಡದಲ್ಲಿ ವರ್ಷಕ್ಕೊಮ್ಮೆ ಎಡೆ ಪಡೆಯುತ್ತಿರುತ್ತಾರೆ. ಗಿಡ ನೆಟ್ಟವನು ಮೊಮ್ಮಗ. ಆನೆ ಮುರಿದದ್ದು ಮೊಮ್ಮಗನ ಗಿಡ, ಪರಿಹಾರಕ್ಕೆ ಸಹಿ ಹಾಕಬೇಕಾದದ್ದು ಅಜ್ಜ. ಹಕ್ಕುದಾರರೆಲ್ಲ ಒಪ್ಪಿಗೆ ಪತ್ರ ಕೊಡಿ ಅನ್ನುತ್ತಾರೆ. ಒಬ್ಬರು ಮೈಸೂರಿನಲ್ಲಿ, ಒಬ್ಬರು ಮಸ್ಕತ್‌ನಲ್ಲಿ, ಇನ್ನೊಬ್ಬರು ಮಾತು ಬಿಟ್ಟಿದ್ದಾರೆ. ಆರೋ ಮತ್ತು ಸೋಲೋ ಕೊಡಗಿನ ಒಂದು ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಎರಡು ದಿನ ಕೂತಿದ್ದರೆ ಶಾಸ್ತ್ರ ಇನ್ನಷ್ಟು ಮುಂದುವರಿಯುತ್ತಿತ್ತು.

ಮನುಷ್ಯನ ಬೆಲೆಗೂ ಲೆಕ್ಕ ಇದೆ. ಕಾಡುಪ್ರಾಣಿಯಿಂದ ಸತ್ತರೆ ಕರ್ನಾಟಕದಲ್ಲಿ ಕೊಡುತ್ತಿದ್ದ 7.5 ಲಕ್ಷ ರೂಪಾಯಿಯನ್ನು 2022ರಲ್ಲಿ 15 ಲಕ್ಷಕ್ಕೆ ಏರಿಸಿದರು. ಏರಿಸಿದ್ದು ಒಳ್ಳೆಯದೇ. ಆದರೆ 2022ರ ಆ ಮೊತ್ತವನ್ನು ಆನೆಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ಆನೆಗೆ 15 ಕೋಟಿ, ಮನುಷ್ಯನಿಗೆ 15 ಲಕ್ಷ. ನೂರಕ್ಕೆ ಒಂದು. ಆನೆಯ ಬೆಲೆ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದರ 15 ಕೋಟಿಯೂ ಯಾರ ಖಾತೆಗೂ ಬಂದಿಲ್ಲ, ಆನೆಗೂ ಹಲಸೇ ಗತಿ.

ಹೀಗೆ ಸತ್ತವರಲ್ಲಿ ಎಷ್ಟೋ ಮಂದಿ ತೋಟದ ಮಾಲೀಕರಲ್ಲ, ಬೆಳಿಗ್ಗೆ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಹೋಗುವವರು. ಅವರನ್ನು ಟ್ಯಾಬ್ ಹುಡುಗರು ಕೇಳುತ್ತಾರಾ? ಕೇಳಿದರು ಅಂತಲೇ ಇಟ್ಟುಕೊಳ್ಳೋಣ. ಆನೆ ಉಳಿಸಲು ವರ್ಷಕ್ಕೆ ಎಷ್ಟು ಕೊಡುತ್ತೀರಿ ಅಕ್ಕ? ಕಳೆ ತೆಗೆಯುತ್ತಿದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿಕೊಂಡು ಹೇಳುತ್ತಾಳೆ: 'ಆನೆ ತೋಟದೊಳಗೆ ಇದ್ದರೆ ಅವತ್ತು ಕೆಲಸ ಇಲ್ಲ, ಕೂಲಿನೂ ಇಲ್ಲ. ನಾನು ಕೊಡ್ತಾನೇ ಇದ್ದೀನಲ್ಲ?'

ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ. ಮೊತ್ತ ಹೇಳದೆ ಪ್ರಶ್ನೆಗೇ ತಕರಾರು ತೆಗೆದವರ ಉತ್ತರವನ್ನು 'ಪ್ರೊಟೆಸ್ಟ್ ಝೀರೋ' ಅಂತ ಗುರುತು ಹಾಕುತ್ತಾರೆ. ವಿಶ್ಲೇಷಣೆ ಶುರುವಾಗುವ ಮೊದಲು ಇಂಥ ಸೊನ್ನೆಗಳನ್ನು ತೆಗೆದುಹಾಕುವುದು ವಾಡಿಕೆ. ಇಲ್ಲದಿದ್ದರೆ ಸರಾಸರಿ ಕೆಡುತ್ತದೆ.

ಪಾಲ್ ಸ್ಯಾಮುವೆಲ್ಸನ್ 1938ರಲ್ಲೇ ಹೇಳಿದ್ದರು, ಜನರ ಇಷ್ಟ ತಿಳಿಯಬೇಕಾದರೆ ಅವರು ಏನು ಆರಿಸಿಕೊಳ್ಳುತ್ತಾರೆ ಅಂತ ನೋಡಿ ಎಂದು. ಅದಕ್ಕೇ ನಾನೂ ನೋಡಿದೆ. ನಾಲ್ಕೂವರೆಗೆ ಯಾರೋ ಮಾಲ್ದಾರೆ ಕಡೆಯಿಂದ ಫೋನ್ ಮಾಡಿ, ಒಂಟಿ ಸಲಗ ರಸ್ತೆಗೆ ಇಳಿದಿದೆ ಅಂದರು. ಹುಡುಗರು ಉಳಿದ ಫಾರಂಗಳನ್ನು ಜೀಪಿನಲ್ಲೇ ತುಂಬಿಕೊಂಡು ಮಡಿಕೇರಿಗೆ ಹೊರಟರು.