ಬೀರುವಿನಲ್ಲಿಟ್ಟ ರೇಷ್ಮೆ ಸೀರೆ

ಶ್ರಾವಣ ಬಂತೆಂದರೆ ನಮ್ಮ ಚಿತ್ರದುರ್ಗದಲ್ಲಿ ಪ್ರವಚನಗಳ ಸುಗ್ಗಿ. ಎಲ್ಲಿ ಹೋಗಿ ಕೂತರೂ ಒಂದೇ ಮಾತು, ವಸ್ತುಗಳ ಮೋಹ ಬಿಡಿ. ತಲೆದೂಗಿ ಕೇಳುತ್ತೇವೆ, ಎದ್ದು ಬರುವಾಗ ದಾರಿಯಲ್ಲೇ ಹೊಸ ಮಿಕ್ಸಿಯ ರೇಟು ವಿಚಾರಿಸುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಹೊಟ್ಟೆಬಟ್ಟೆಗೆ ಒದ್ದಾಡುವವರ ಮುಂದೆ ನಿಂತು ಮೋಹ ಬಿಡಿ ಅನ್ನುವುದಂತೂ ಅಹಂಕಾರವೇ ಸರಿ. ಕೊಂಡರೆ ಕೊಳ್ಳಲಿ ಬಿಡಿ. ಕೊಂಡು ಬಚ್ಚಿಡುತ್ತೇವಲ್ಲ, ನನ್ನ ತಕರಾರು ಅದರ ಮೇಲೆ.

ಮೊಳಕಾಲ್ಮುರು ಸೀರೆಯನ್ನೇ ನೋಡಿ. ನಮ್ಮ ಜಿಲ್ಲೆಯ ಕೈಮಗ್ಗದ ರೇಷ್ಮೆ, 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಕೂಡ ಸಿಕ್ಕಿತು. ಚಿಕ್ಕಮ್ಮ ತನ್ನ ಮದುವೆಯಲ್ಲಿ ಉಟ್ಟ ಸೀರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. "ಮಗಳ ಮದುವೆಗೆ ಉಡ್ತೀನಿ" ಅನ್ನುತ್ತಿದ್ದಳು. ಮಗಳ ಮದುವೆಯೂ ಬಂತು. ಬಿಚ್ಚಿದರೆ ನುಸಿಗುಳಿಗೆ ವಾಸನೆ, ಕಪ್ಪಿಟ್ಟ ಜರಿ. ಮಡಿಕೆ ಇದ್ದಲ್ಲೆಲ್ಲ ಗೆರೆ ಎಳೆದಂತೆ ಉದ್ದಕ್ಕೂ ಸೀಳು. ನೇಯುವವರೊಬ್ಬರಿಗೆ ತೋರಿಸಿದೆವು. ಬೆರಳಿಂದ ಸವರಿ ನೋಡಿ, "ಉಟ್ಟಿದ್ರೆ ಇನ್ನೂ ಇರೋದಮ್ಮ. ಇಟ್ಟಿದ್ದಕ್ಕೇ ಹೋಯ್ತು" ಅಂದರು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ರೇಷ್ಮೆ ಅಲ್ಲೇ ಮುರಿಯುತ್ತದಂತೆ. ಆಗಾಗ ತೆಗೆದು, ಗಾಳಿಗೆ ಹಾಕಿ, ಮಡಿಕೆ ಬದಲಿಸಬೇಕು. ಉಟ್ಟರಂತೂ ಇನ್ನೂ ಒಳ್ಳೆಯದು.

ಇನ್ನು ದುಡ್ಡು. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದ್ದರು. ಉಳಿದವರಿಗಿಂತ ಅವರೇನೂ ಹೇಳಿಕೊಳ್ಳುವಷ್ಟು ಸುಖವಾಗಿರಲಿಲ್ಲ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಇಂಥ ಚಿಲ್ಲರೆ ಖುಷಿಗಳಲ್ಲಿ ಅವರಿಗೆ ಸಿಗುತ್ತಿದ್ದ ರುಚಿಯೂ ಕಮ್ಮಿ. ಪ್ರವಚನದವರಿಗೆ ಇದು ಇಷ್ಟವಾಗಬಹುದು, ಆದರೆ ಅದು ಬರೀ 22 ಜನರ ಕಥೆ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಲಾಟರಿ ಗೆದ್ದವರ ಬದುಕಿನ ತೃಪ್ತಿ ಹೆಚ್ಚಿತ್ತು, ವರ್ಷಗಳ ನಂತರವೂ ಉಳಿದಿತ್ತು. ದುಡ್ಡಿನಿಂದ ನೆಮ್ಮದಿ ಬರುವುದೇ ಇಲ್ಲ ಅನ್ನುವುದು ಅರ್ಧ ಸತ್ಯ. ನನಗೆ ಹಿಡಿಸಿದ್ದು ಆ ತಿಂಡಿಯ ಮಾತು ಮಾತ್ರ. ದೊಡ್ಡದು ಕೈಗೆ ಬಂದ ಮೇಲೂ ದಿನದ ತಿಂಡಿ ರುಚಿಸಬೇಕು, ಅಲ್ವಾ?

ಬಚ್ಚಿಡುವ ಚಾಳಿ ನಮ್ಮೂರಿಗೆ ಹೊಸದೇನಲ್ಲ. ಊರ ಪಕ್ಕದ ಚಂದ್ರವಳ್ಳಿಯಲ್ಲಿ ರೋಮ್ ದೊರೆ ಆಗಸ್ಟಸ್‌ನ ಕಾಲದ ನಾಣ್ಯಗಳೂ ಸಿಕ್ಕಿವೆ. ಎಷ್ಟು ಕೈ ದಾಟಿ ಇಲ್ಲಿಗೆ ಬಂದವೋ, ಇಲ್ಲಿ ಮಣ್ಣು ಸೇರಿ ಸುಮ್ನಾದವು. ಅಂಥದ್ದು ಇನ್ನೂ ಸಿಗಬಹುದೆಂದು ಪಾಳುಗುಡಿಗಳ ಗರ್ಭಗುಡಿಯನ್ನೇ ಅಗೆಯುವ ನಿಧಿಗಳ್ಳರು ಈಗಲೂ ಇದ್ದಾರೆ. ಅವರ ಹೆಂಡತಿ ಮಕ್ಕಳು ಆ ಹೊತ್ತಿಗೆ ಏನು ಉಂಡು ಮಲಗಿರುತ್ತಾರೋ.

ನಮ್ಮನೆ ಶೋಕೇಸಿನಲ್ಲೂ ನೆಂಟರಿಗೆಂದೇ ಎತ್ತಿಟ್ಟ ಗಾಜಿನ ಲೋಟಗಳಿದ್ದವು. ಈಗ ನಮ್ಮ ಕಾಫಿ ಅದರಲ್ಲೇ. ಒಂದೆರಡು ಒಡೆದವು, ಅತ್ತೆ ಬೈದರು. ಬೈದು, ಉಳಿದವುಗಳಲ್ಲೇ ದೊಡ್ಡದನ್ನು ಆರಿಸಿ ತಮ್ಮ ಕಾಫಿ ಬಗ್ಗಿಸಿಕೊಂಡರು.