ನಾಟಿ ಮುಗಿದ ಮೇಲೆ ಬಂದ ಡಯಾಂಚ

ಅಂತೂ ಹಸಿರೆಲೆ ಗೊಬ್ಬರಕ್ಕೆಂದು ಗದ್ದೆಯಲ್ಲೇ ಬೆಳೆಸಿ ಮಣ್ಣಿಗೆ ಸೇರಿಸುವ ಡಯಾಂಚ ಗಿಡದ ಬೀಜ ಬಂತಂತೆ. ಗದ್ದೆ ನಾಟಿ ಮುಗಿದು, ಪೈರು ಬೇರು ಕಚ್ಚಿದ ಮೇಲೆ. ನಮ್ಮ ಕಡೆಯ ಕೃಷಿ ಕಚೇರಿಯೊಂದು ವರ್ಷ ವರ್ಷವೂ ತಪ್ಪದೆ ನಡೆಸಿಕೊಂಡು ಬಂದ ವ್ರತ ಇದು. ಬೀಜ ಕೊಡಲಿಲ್ಲ ಅಂತ ಯಾರೂ ಬೈಯುವಂತಿಲ್ಲ. ಬಿತ್ತಿದೆ ಅಂತ ಯಾರೂ ಹೇಳುವಂತೆಯೂ ಇಲ್ಲ.

ಬೇಸಿಗೆಯಲ್ಲಿ ಭತ್ತದ ಗದ್ದೆ ಸುಮ್ನೆ ಬಿದ್ದಿರುತ್ತದೆ. ಮೊದಲ ಮಳೆಗೆ ಡಯಾಂಚವೋ ಅಪ್ಸೆಣಬೋ ಚೆಲ್ಲಿದರೆ 45 ದಿನಕ್ಕೆ ಸೊಂಟದೆತ್ತರ. ಹೂ ಬಿಡುವ ಹೊತ್ತಿಗೆ ಮಗುಚಿ ಮಣ್ಣಿಗೆ ಸೇರಿಸಬೇಕು. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯಲ್ಲ. ಒಂದು ಗಿಡ ಕಿತ್ತು ನೋಡಿ. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಉಗುರಲ್ಲಿ ಸೀಳಿದರೆ ಒಳಗೆ ತೆಳುಗೆಂಪು. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಇರುವುದು ಅಲ್ಲೇ. ಕರೆಂಟ್ ಕೇಳಲ್ಲ, ಟೆಂಡರ್ ಕೇಳಲ್ಲ, ಶಂಕುಸ್ಥಾಪನೆಯನ್ನೂ ಕೇಳಲ್ಲ. ಇಂಥದ್ದಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು?

ಸರ್ಕಾರಕ್ಕೆ ಮಣ್ಣಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. 2015ರಿಂದ ಮಣ್ಣಿಗೂ ಆರೋಗ್ಯ ಕಾರ್ಡ್ ಇದೆ. 12 ಅಂಶಗಳ ಪರೀಕ್ಷೆ! ಸಾವಯವ ಇಂಗಾಲ 0.5 ಶೇಕಡಕ್ಕಿಂತ ಕೆಳಗಿದ್ದರೆ 'ಕಡಿಮೆ' ಅಂತ ಬರೆದುಕೊಡುತ್ತಾರೆ. ಎರೆಹುಳಕ್ಕೆ ಮಾತ್ರ ಕಾಲಂ ಇಲ್ಲ. ಅದಕ್ಕೆ ಪಹಣಿ, ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಐಡಿ ಯಾವುದೂ ಇಲ್ಲ ಅಲ್ವಾ, ಪಾಪ.

ಇನ್ನು ಡಿಸೆಂಬರ್ 5, ವಿಶ್ವ ಮಣ್ಣು ದಿನ. ಟೈಲ್ಸ್ ಹಾಕಿದ ಸಭಾಂಗಣ, ಆಳೆತ್ತರದ ಫ್ಲೆಕ್ಸು. ತಟ್ಟೆಯಲ್ಲಿ ಒಂದು ಹಿಡಿ ಮಣ್ಣು ಬರುತ್ತದೆ. ಗಣ್ಯರು ಬೆರಳ ತುದಿಯಲ್ಲಿ ಮುಟ್ಟುತ್ತಾರೆ, ಫೋಟೋ ಆಗುತ್ತದೆ, ಹಿಂದೆಯೇ ಟಿಶ್ಯೂ ಬರುತ್ತದೆ. ಆಮೇಲೆ ಮಣ್ಣು ನಮ್ಮ ತಾಯಿ ಅಂತ ಮುಕ್ಕಾಲು ಗಂಟೆ ಭಾಷಣ. ತಾಯಿಯನ್ನು ಮುಟ್ಟಿ ಕೈ ಒರೆಸಿಕೊಳ್ಳುವ ಮಕ್ಕಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇತ್ತ ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. ಬೆಳಿಗ್ಗೆ ಐದಕ್ಕೇ ಸಾಲು, ಚಪ್ಪಲಿಗಳದ್ದೇ ಬೇರೆ ಸಾಲು. ಚೀಲದ ಜೊತೆ ಬೇಡದ ನ್ಯಾನೋ ಯೂರಿಯಾ ಅನ್ನೋ ದ್ರವ ಗೊಬ್ಬರದ ಬಾಟಲಿಯನ್ನೂ ಹಿಡಿಸಿ ಕಳಿಸುತ್ತಾರೆ. ಹಸಿರೆಲೆ ಗೊಬ್ಬರ ಹಾಕಿದರೆ ಯೂರಿಯಾ ಪೂರ್ತಿ ಬಿಡಬಹುದು ಅಂತ ನಾನು ಹೇಳಲ್ಲ. ಎಕರೆಗೆ ಒಂದು ಚೀಲವಾದರೂ ಉಳಿದೀತು, ಅಷ್ಟೇ.

2025ರ ಜುಲೈನಲ್ಲಿ ಕೊಪ್ಪಳದ ರೈತರೊಬ್ಬರು ಗೊಬ್ಬರ ಸಿಗದೆ ಮಣ್ಣು ತಿಂದದ್ದನ್ನು ನೀವೂ ನೋಡಿದ್ದೀರಿ. ಅದರಲ್ಲಿ ತಮಾಷೆ ಮಾಡಲು ಏನೂ ಇಲ್ಲ. ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸಿತು, ಕೇಂದ್ರ ರಾಜ್ಯದ ಕಡೆ. ಮನುಷ್ಯ ಬಾಯಿಗೆ ಮಣ್ಣು ಹಾಕಿಕೊಂಡಿದ್ದಾನೆ, ಇವರು ದಾಸ್ತಾನಿನ ಅಂಕಿ ಓದುತ್ತಿದ್ದಾರೆ. ನಾಚಿಕೆ ಆಗಬೇಕು.

ಮೇ ತಿಂಗಳಲ್ಲಿ ಒಂದು ಚೀಲ ಬೀಜ ತಲುಪಿಸಲು ಇವರಿಗೆ ಆಗಲ್ಲ. ಆಗಸ್ಟಿನಲ್ಲಿ ಯೂರಿಯಾ ಸಾಲು ಕಾಯಲು ಪೊಲೀಸರನ್ನು ಕಳಿಸುತ್ತಾರೆ. ಅವರು ಮಾತ್ರ ಸರಿಯಾದ ಟೈಮಿಗೆ ಬರುತ್ತಾರೆ.