ಅಪ್ಪಯ್ಯನ ಲ್ಯಾಪ್‌ಟಾಪಿಗೆ ಸಿಡ್ ಹಿಡಿದದ್ದು

ಸಾಗರದ ಮನೆಯಲ್ಲಿರುವ ಅಪ್ಪಯ್ಯನ ಲ್ಯಾಪ್‌ಟಾಪಿಗೆ, ವಿಂಡೋಸ್ ಇರುವ ಜಾಗಕ್ಕೆ, ಡೆಬಿಯನ್ ಅನ್ನುವ ಲಿನಕ್ಸ್ ಹಾಕಿಕೊಟ್ಟವನು ನಾನೇ. ಅಪ್ಪಯ್ಯನಿಗೆ ಬೇಕಾದದ್ದು ಎರಡೇ: ಅಡಿಕೆ ರೇಟು, ಯಕ್ಷಗಾನದ ವಿಡಿಯೊ. ಡೆಬಿಯನ್ನಿನ 'ಸ್ಟೇಬಲ್' ಸಾಕಿತ್ತು. ಎರಡು ವರ್ಷಕ್ಕೊಮ್ಮೆ ಹೊಸದು ಬರುತ್ತದೆ, ಉಳಿದಂತೆ ತನ್ನ ಪಾಡಿಗೆ ತಾನಿರುತ್ತದೆ. ನನಗೆ ಅದು ಬೋರು. ಹೊಸ ಬದಲಾವಣೆಗಳೆಲ್ಲ ಮೊದಲು ಬಂದು ಬೀಳುವ 'ಅನ್‌ಸ್ಟೇಬಲ್' ಹಾಕಿದೆ.

ಅದರ ಹೆಸರು ಸಿಡ್. ಡೆಬಿಯನ್ನಿನವರು ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. ಸಿಡ್ ಅಂದರೆ ಅದರಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ. ಬೇರೆ ಆವೃತ್ತಿಗಳ ಹೆಸರು ಬದಲಾಗುತ್ತಾ ಹೋಗುತ್ತದೆ, ಅನ್‌ಸ್ಟೇಬಲ್ ಮಾತ್ರ ಯಾವತ್ತಿಗೂ ಸಿಡ್. ಪಾಪ, ಅವರು ಇನ್ನೆಷ್ಟು ಬಿಡಿಸಿ ಹೇಳಬೇಕು? ಕನ್ನಡದವನಿಗಂತೂ ಆ ಹೆಸರಲ್ಲೇ ಸಿಡಿಯುವ ಸದ್ದು ಕೇಳಬೇಕಿತ್ತು.

2024ರ ಮಾರ್ಚ್. ಬೆಂಗಳೂರಿನಿಂದಲೇ ಲಾಗಿನ್ ಆಗಿ ಇರುವ ತಂತ್ರಾಂಶವನ್ನೆಲ್ಲ ಒಟ್ಟಿಗೇ ಹೊಸದು ಮಾಡುವ 'ಫುಲ್ ಅಪ್‌ಗ್ರೇಡ್' ಕೊಟ್ಟೆ. ಉದ್ದದ ಪಟ್ಟಿ ಬಂತು. ನಡುವೆ, ಇವನ್ನು ತೆಗೆದುಹಾಕುತ್ತೇನೆ ಅನ್ನುವ 'ರಿಮೂವ್ಡ್' ಕ್ಯಾಪಿಟಲ್ ಅಕ್ಷರದಲ್ಲೇ ಇತ್ತು. ಇನ್ನೂ ಕಾಫಿ ಆಗಿರಲಿಲ್ಲ. ಮುಂದುವರಿಯಲೇ ಅಂತ ಕೇಳಿತು. ಅಲ್ಲಿ ಸುಮ್ನೆ ಎಂಟರ್ ಒತ್ತಿದರೂ 'ಹೂಂ' ಅಂತಲೇ ಅರ್ಥ. ಒತ್ತಿದೆ.

ಹತ್ತು ನಿಮಿಷಕ್ಕೆ ಫೋನು.

"ಮಾರಾಯ, ಕರೆಂಟು ಬಂದಿದೆ, ಆದ್ರೆ ಪೂರ್ತಿ ಬಂದಿಲ್ಲ ಅನ್ಸುತ್ತೆ."

"ಏನು ಕಾಣ್ತಿದೆ ಅಪ್ಪಯ್ಯ?"

"ಕರಿ ಪರದೆ. ಮೇಲೆ ಏನೋ ಲಾಗಿನ್ ಅಂತ ಬರೆದು, ಒಂದು ಗೆರೆ ಕಣ್ಣು ಮಿಟುಕಿಸ್ತಾ ಇದೆ."

ಡೆಸ್ಕ್‌ಟಾಪೇ ಹೋಗಿತ್ತು. ಕಾರಣ ಹುಡುಕಿದರೆ ಅದು ಇನ್ನೂ ಸ್ವಾರಸ್ಯ. 1970ರಿಂದ ಸೆಕೆಂಡು ಎಣಿಸುತ್ತಾ ಬಂದಿರುವ 32 ಬಿಟ್ಟಿನ ಗಡಿಯಾರ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದಕ್ಕೀಗಲೇ 64 ಬಿಟ್ಟಿನ ಜಾಗ ಕೊಡಲು ರಾಶಿ ರಾಶಿ ಲೈಬ್ರರಿಗಳನ್ನು (ಬೇರೆ ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ತುಣುಕುಗಳನ್ನು) ಹೊಸದಾಗಿ ಕಟ್ಟಿ, ಹೆಸರಿನ ಬಾಲಕ್ಕೆ 'ಟಿ64' ಅಂಟಿಸುತ್ತಿದ್ದರು. ಒಂದು ಬಂದು ಅದರ ಜೊತೆಗಾರ ಇನ್ನೂ ಬಂದಿರದಿದ್ದರೆ, ಅದನ್ನೇ ನೆಚ್ಚಿಕೊಂಡವನನ್ನು ತೆಗೆಯಲೇ ಅಂತ ಪ್ಯಾಕೇಜ್ ಮ್ಯಾನೇಜರ್, ಅಂದರೆ ತಂತ್ರಾಂಶ ಹಾಕಿ ತೆಗೆಯುವ ಮೇಸ್ತ್ರಿ, ಕೇಳುತ್ತದೆ. ಒಂದೆರಡು ವಾರ ಕಾಯುವವರು ಜಾಣರು. ತಮಾಷೆ ಏನಪ್ಪಾ ಅಂದ್ರೆ, ಅಪ್ಪಯ್ಯನ ಲ್ಯಾಪ್‌ಟಾಪು 64 ಬಿಟ್ಟಿನದು. ಅದಕ್ಕೆ ಈ ಕಾಯಿಲೆಯೇ ಇರಲಿಲ್ಲ. ಹೆಸರು ಬದಲಾವಣೆ ಮಾತ್ರ ಊರಿಗೆಲ್ಲ ಒಂದೇ.

ಇಷ್ಟನ್ನೂ ಫೋನಿನಲ್ಲಿ ವಿವರಿಸಿದೆ. ಅಪ್ಪಯ್ಯ ತಾಳ್ಮೆಯಿಂದ ಕೇಳಿಸಿಕೊಂಡರು.

"2038ಕ್ಕೆ ನಾನು ಇರ್ತೀನೋ ಇಲ್ವೋ. ಇವತ್ತು ಸಂಜೆ ಇರ್ತೀನಲ್ಲ, ಅದಕ್ಕೇನಾದ್ರೂ ಮಾಡು."

ದೂರದಿಂದ ಸರಿಮಾಡಲು ಹೋಗಿ ವೈಫೈಯನ್ನೂ ಕಳೆದೆ. ಅಲ್ಲಿಗೆ ನನ್ನ ಲಾಗಿನ್ನೂ ಹೋಯಿತು. ಶನಿವಾರ ರಾತ್ರಿ ಬಸ್ಸು ಹತ್ತಿದೆ, ಜೇಬಿನಲ್ಲಿ ಸ್ಟೇಬಲ್ ತುಂಬಿದ ಪೆನ್‌ಡ್ರೈವು. ಒಂದು ಎಂಟರ್‌ಗೆ ಹೋಗಿ ಬರುವ ಬಸ್ ಚಾರ್ಜು! ಅದಕ್ಕಿಂತ ಜಾಸ್ತಿ ನೋವಾದದ್ದು ಅಮ್ಮನ ಮಾತಿಗೆ. "ಫೋನಿಗೆ ಏನೂ ಹಾಕಿಲ್ಲ ತಾನೇ?" ಅಂತ ಬಾಗಿಲಲ್ಲೇ ಕೇಳಿದರು.

ಸ್ಟೇಬಲ್ ಹಾಕಿಕೊಟ್ಟು ಬಂದೆ. ಅಲ್ಲಿಂದ ಒಂದು ದೂರೂ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಸುಮ್ನೆ ಒಂದು ಕಣ್ಣು ಹಾಕೋಣ ಅನ್ನಿಸಿತು. ಹೊಸ ಡೆಸ್ಕ್‌ಟಾಪ್ ಬಂದಿತ್ತು, ಚೆನ್ನಾಗಿದೆ ಅಂತ ಕೇಳಿದ್ದೆ.

"ಅಮ್ಮಾ, ಲ್ಯಾಪ್‌ಟಾಪ್ ಎಲ್ಲಿ?"

"ಕೆಟ್ಟಿದೆ ಕಣೋ, ಪೇಟೆಯಲ್ಲಿ ರಿಪೇರಿಗೆ ಕೊಟ್ಟಿದೀವಿ" ಅಂದರು ಅಮ್ಮ, ಕಜ್ಜಾಯ ಮಗುಚುತ್ತಾ.

ಒಳಕೋಣೆಯಿಂದ ಸಣ್ಣಗೆ ಚಂಡೆ ಕೇಳಿಸುತ್ತಿತ್ತು.